ಕೈ ಕಾಣದ ಸಿರಿವಂತರು

ನಮ್ಮ ಭಾವನವರು ಹಳೆಯ ವರ್ಣಚಿತ್ರದೆದುರು ನಿಂತು ರಾಜನ ಮುಖ ನೋಡಿದ್ದನ್ನು ನಾನಂತೂ ಕಂಡಿಲ್ಲ. ಅವರ ದೃಷ್ಟಿಯೆಲ್ಲ ಸಿಂಹಾಸನದ ಬುಡದಲ್ಲಿ: ಅಲ್ಲಿ ಮಲಗಿದ ನಾಯಿ ಹೊಟ್ಟೆತುಂಬ ಉಂಡಿದೆಯೇ, ನೆಲಹಾಸಿಗೆ ತೇಪೆ ಬಿದ್ದಿದೆಯೇ, ಸೇವಕನ ಕಾಲಲ್ಲಿ ಚಪ್ಪಲಿ ಉಂಟೇ. ಇತಿಹಾಸದ ಮೇಷ್ಟರಾಗಿ ನಿವೃತ್ತರಾದ ಮೇಲೆ ವಸ್ತುಸಂಗ್ರಹಾಲಯವೇ ಅವರ ವಾಸಸ್ಥಾನ. ನಡು ಬಗ್ಗಿಸಿ, ಬಿದ್ದ ಸೂಜಿ ಹುಡುಕುವವರಂತೆ ಗೋಡೆಯುದ್ದಕ್ಕೂ ಸಾಗುವ ನಡಿಗೆ. ಭೂತಗನ್ನಡಿಯ ಭಾರಕ್ಕೆ ಒಂದು ಬದಿ ಜೋತುಬಿದ್ದ ಕಂದು ಕೋಟು. ಮೂಗು ಚೌಕಟ್ಟಿಗೆ ತಾಗುವಷ್ಟು ಹತ್ತಿರವಾದಾಗ ಕಾವಲುಗಾರ ಕೆಮ್ಮುತ್ತಿದ್ದ. ಇವರು "ಔಷಧಿ ತಗೊಳ್ಳಯ್ಯಾ" ಎಂದು ಮುಂದಿನ ಚಿತ್ರಕ್ಕೆ ಸರಿಯುತ್ತಿದ್ದರು.

"ಶಾಸನ ಬರೆಸೋನು ಯೋಚನೆ ಮಾಡಿ ಸುಳ್ಳು ಬರೆಸ್ತಾನೆ. ಚಿತ್ರ ಬರೆಯೋನು ಮೈಮರೆತು ಮೂಲೇಲಿ ನಿಜ ಬಿಟ್ಟುಹೋಗ್ತಾನೆ" ಎಂಬುದು ಅವರ ನಿತ್ಯಪಾರಾಯಣ.

ಈ ನಂಬಿಕೆಯಿಂದಲೇ ವರ್ಷಗಟ್ಟಲೆ ಕಣ್ಣು ಸವೆಸಿ ಒಂದು ಗ್ರಂಥ ಬರೆದರು. ಪ್ರಾಚೀನ ಕಲಾವಿದನೊಬ್ಬನ ಚಿತ್ರಗಳಲ್ಲಿ ಸಿರಿವಂತರ ಕೈಗಳೆಲ್ಲ ಶಾಲಿನೊಳಗೋ, ಹೂಗುಚ್ಛದ ಹಿಂದೆಯೋ ಅಡಗಿವೆ, ಆದ್ದರಿಂದ ಅಂದಿನ ಕುಲೀನರಲ್ಲಿ ಹಸ್ತಪ್ರದರ್ಶನ ನಿಷಿದ್ಧವಾಗಿತ್ತು, ಇದು ಸಿದ್ಧಾಂತ. ಅದು ಅಚ್ಚಿಗೆ ಹೋಗುವ ಮುನ್ನಾದಿನ, ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನನ್ನ ಹೆಂಡತಿ, ಅಂದರೆ ಅವರ ಸ್ವಂತ ತಂಗಿ, ಪುಟ ತಿರುವಿ ಕಿಸಕ್ಕನೆ ನಕ್ಕಳು.

"ಅಣ್ಣಾ, ನಿಷೇಧವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಇವನಿಗೆ ಕೈ ಬರೆಯೋಕೆ ಬರ್ತಿರಲಿಲ್ಲ ಅಷ್ಟೆ! ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳು ಹೀಗೇ ಎಲ್ಲರ ಕೈಯನ್ನೂ ಜೇಬಿಗೆ ತುರುಕ್ತಾರೆ."

ಭಾವನವರು ಇಂಗು ತಿಂದ ಮಂಗನಂತಾದರು. ನೋಡಲಾರದೆ ನಾನು, "ಬಿಡಿ ಭಾವ, ಯಾರಿಗೆ ಗೊತ್ತಾಗುತ್ತೆ? ಅಚ್ಚು ಹಾಕಿಸಿಬಿಡಿ" ಎಂದೆ.

"ನಂಗೇ ಗೊತ್ತಾಯ್ತಲ್ರೀ!" ಎಂದು ಗುಡುಗಿ, ಅಚ್ಚು ನಿಲ್ಲಿಸಿ, ಮರುದಿನ ನಮ್ಮಿಬ್ಬರನ್ನೂ ಸಂಗ್ರಹಾಲಯಕ್ಕೆ ಎಳೆದೊಯ್ದರು. ಅಲ್ಲಿ ಅದೇ ಕಲಾವಿದನ ಒಂದು ಅಡುಗೆಮನೆಯ ಚಿತ್ರವಿತ್ತು. ಪಾತ್ರೆ ತಿಕ್ಕುವ ಹೆಂಗಸು. ಒಂದು ಕೈಗೆ ಆರು ಬೆರಳು, ಇನ್ನೊಂದು ಕೈಯಲ್ಲಿ ಬೆರಳೋ ಬಾಳೆಗೊನೆಯೋ ತಿಳಿಯದು. ಭಾವನವರು ಬಹಳ ಹೊತ್ತು ಬಗ್ಗಿ ನೋಡಿ, ಥಟ್ಟನೆ ನೆಟ್ಟಗೆ ನಿಂತರು.

"ನೋಡೇ! ಬರಲ್ಲ ಅಂತ ಗೊತ್ತಿದ್ರೂ ಇವಳ ಕೈ ಬರೆದಿದ್ದಾನೆ. ಮುಚ್ಚಿಟ್ರೆ ಪಾತ್ರೆ ತಿಕ್ಕೋರು ಯಾರು? ಆ ಸಿರಿವಂತರೋ, ಕೈಯಿಲ್ಲದ ಚಿತ್ರಾನ ಸಂತೋಷವಾಗಿ ಗೋಡೆಗೆ ತೂಗುಹಾಕ್ಕೊಂಡಿದ್ದಾರೆ. ಅವರಿಗೆ ಕೈಯಿಂದ ಆಗಬೇಕಾದ್ದೇನೂ ಇರಲಿಲ್ಲ!"

ಈಗ ಗ್ರಂಥವನ್ನು ಮೊದಲಿಂದ ಬರೆಯಲು ಕುಳಿತಿದ್ದಾರೆ. ಈ ವಯಸ್ಸಿನಲ್ಲಿ ಮುಗಿದೀತೋ ಇಲ್ಲವೋ ಎಂದು ನನಗೆ ಸಂಕಟ, ಅವರಿಗೆ ಹಿಗ್ಗು. ತಮ್ಮ ಮಾತು ಸುಳ್ಳಾದಾಗ ಕಣ್ಣು ಮುಚ್ಚಿಕೊಳ್ಳುವವರು ವಿದ್ವಾಂಸರಲ್ಲಿ ಬೇಕಾದಷ್ಟು ಜನ; ಮತ್ತೊಮ್ಮೆ ನೋಡಿಬರಲು ಹೊರಡುವವರು ಅಪರೂಪ. ಆ ಪಾತ್ರೆ ತಿಕ್ಕುವವಳಂತೆ ಹೆಸರುಳಿಯದೆ ಸತ್ತವರಿಗೆ ಈ ಲೋಕದಲ್ಲಿ ನೆಂಟರೆಂಬವರಿದ್ದರೆ, ಅವರು ಈ ಅಪರೂಪದ ಜನವೇ.