ಕಿತ್ತಳೆ ಬಣ್ಣದ ಎರಡು ಮೀನು

ತಲೆತಲಾಂತರದಿಂದ ಮೀನಿನ ವಾಸನೆ ಸೋಕದ ಮನೆ ಮಹಾದೇವಯ್ಯನದು. ಅಂಥವನು ಬಾಳ್ಳುಪೇಟೆಯ ನಡುರಸ್ತೆಯಲ್ಲಿ ಮಂಗಳೂರಿನ ಮೀನಿನ ವ್ಯಾನು ನಿಲ್ಲಿಸಿ, ಡ್ರೈವರ್ ಧರ್ಮನ ಕೈಯಿಂದ ಕ್ಯಾನು ಇಳಿಸಿಕೊಂಡು ಜೀಪಿಗೆ ತುಂಬುತ್ತಿದ್ದರೆ ಜನ ಸುಮ್ಮನಿರುತ್ತಾರೆಯೇ? "ಅಯ್ನೋರ ಮನೇಲಿ ಇವತ್ತು ಬಂಗಡೆ ಸಾರು ಕಣೋ" ಎಂದು ಹೋಟೆಲಿನಲ್ಲಿ ಕೂತವರು ನಕ್ಕರು. ಕ್ಯಾನಿನಲ್ಲಿದ್ದದ್ದು ಬರೀ ಸಮುದ್ರದ ನೀರು ಎಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ನಕ್ಕರು. ಮಹಾದೇವಯ್ಯ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಕ್ಯಾನುಗಳು ಅಲುಗಾಡದ ಹಾಗೆ ಹಗ್ಗ ಬಿಗಿದು, ಮಗ್ಗೆಯ ದಾರಿ ಹಿಡಿದ.

ಇದೆಲ್ಲ ಅವನ ಹೆಂಡತಿ ಗಂಗಾಮಣಿಯ ಕಣ್ಣಿಗಾಗಿ. ಮದುವೆಯಾಗಿ ಬಂದಾಗಲೇ ಅವಳಿಗೆ ಇರುಳುಗುರುಡು. ವಯಸ್ಸಾದಂತೆ ಹಗಲಿನಲ್ಲೂ ಅಕ್ಕಪಕ್ಕದ್ದು ಕಾಣದಾಯಿತು. ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಉಳಿಯಿತು. ಆಮೇಲೆ ಆ ಕೊಳವೆಯೊಳಗೂ ಮಂಜು ತುಂಬಿತು. ನರ ಒಣಗುತ್ತಿದೆ, ಇದಕ್ಕೆ ಔಷಧವಿಲ್ಲ ಎಂದು ಮಂಗಳೂರಿನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಆಸ್ಪತ್ರೆಯ ಹೊರಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುವ, ಮೀನು ಸಾಕಿದ ಗಾಜಿನ ತೊಟ್ಟಿಯೊಂದಿತ್ತು. ಗಂಡನನ್ನೇ ದನಿಯಿಂದ ಗುರುತು ಹಿಡಿಯುವ ಹೆಂಗಸು ಅದರೆದುರು ಕೂತವಳು ಏಳಲೊಲ್ಲಳು.

"ಕಿತ್ಲೆ ಬಣ್ಣ ಕಣ್ರೀ. ಎರಡೈತೆ. ಓಡಾಡ್ತಾವೆ. ಕಾಣ್ತೈತೆ ನಂಗೆ!"

ಮಹಾದೇವಯ್ಯ ಅಲ್ಲಿಂದ ನೇರ ಸಾಕುವ ಮೀನಿನ ಅಂಗಡಿ ಹುಡುಕಿಕೊಂಡು ಹೋದ. ಹಜಾರದಲ್ಲಿ ತೊಟ್ಟಿ ಬಂತು, ಕಿತ್ತಳೆ ಬಣ್ಣದ ಜೋಡಿ ಬಂತು, ಆ ಜೋಡಿ ಒರಗಿ ಮಲಗಲು ಹೂವಿನಂತೆ ಅರಳುವ ಸಮುದ್ರದ ಜೀವಿಯೊಂದೂ ಬಂತು. ಬೆಳಗಿನ ಕಾಫಿ ಕುಡಿದ ಕೂಡಲೇ ಗಂಗಾಮಣಿ ಸ್ಟೂಲೆಳೆದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದಳು. ಮನೆಯಲ್ಲಿ ಅವಳಿಗೆ ಕಾಣುತ್ತಿದ್ದುದು ಇನ್ನು ಅದೊಂದೇ. "ಒಂದು... ಎರಡು" ಎಂದು ಎಣಿಸಿದರೆ ಆ ದಿನಕ್ಕೆ ಕಣ್ಣು ಉಳಿದಿದೆ ಎಂದರ್ಥ. ಒಳಗೆ ಪೇಪರು ಓದುವಂತೆ ನಟಿಸುತ್ತಿದ್ದ ಗಂಡ ಆ ಎರಡನೆಯ ಸಂಖ್ಯೆ ಕೇಳುವವರೆಗೆ ಉಸಿರು ಬಿಗಿಹಿಡಿದಿರುತ್ತಿದ್ದ.

ಆದರೆ ಅವು ಸಮುದ್ರದ ನೀರಲ್ಲದೆ ಬದುಕದ ಮೀನು; ತೊಟ್ಟಿ ಚಿಕ್ಕದು, ನೀರು ಬೇಗ ಕೆಡುತ್ತಿತ್ತು. ಮಳೆಗಾಲ ಹಿಡಿದು ಶಿರಾಡಿ ಘಾಟಿ ಕೈಕೊಟ್ಟರೆ ಧರ್ಮನ ವ್ಯಾನು ವಾರಗಟ್ಟಲೆ ಬರುವುದಿಲ್ಲ. ಆಗ ಏನು ಗತಿ? ಅಂಗಡಿಯವನು ಫೋನಿನಲ್ಲಿ ದಾರಿ ಹೇಳಿದ: ನೀರು ಹೆಚ್ಚಾದಷ್ಟೂ ಕೊಳೆ ತೆಳುವಾಗುತ್ತದೆ, ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಇಡಿ, ಮೇಲಿನ ನೀರು ಅದಕ್ಕಿಳಿದು ಸ್ಪಂಜು, ಮರಳು, ಕಲ್ಲಿನಲ್ಲಿ ಸೋಸಿ ಪಂಪಿನಿಂದ ಮತ್ತೆ ಮೇಲಕ್ಕೆ ಬರಲಿ. ಆದರೆ ಗಾಜಿನ ತೊಟ್ಟಿ ಮಾಡಿಸಿ ಕಳಿಸಲು ತಡವಾಗುತ್ತದೆ ಎಂದ. ತಡ ಮಾಡಲು ಮೋಡ ಬಿಡಬೇಕಲ್ಲ! ಬಿಸಿಲೆ ಕಡೆಯ ಗುಡ್ಡಗಳು ಆಗಲೇ ಕಪ್ಪಾಗಿದ್ದವು.

ತೋಟದ ಸ್ಟೋರಿನ ಮೂಲೆಯಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಡ್ರಮ್ಮಿತ್ತು. ಕಾಫಿ ಗಿಡಕ್ಕೂ ಮೆಣಸಿನ ಬಳ್ಳಿಗೂ ರೋಗ ಬಾರದಂತೆ ಮಳೆಗೆ ಮುಂಚೆ ಹೊಡೆಯುವ ಔಷಧಕ್ಕೆ ಅದರಲ್ಲೇ ವರ್ಷಾನುವರ್ಷ ಮೈಲುತುತ್ತ, ಸುಣ್ಣ ಕಲಸುತ್ತಿದ್ದರು. ಆ ವರ್ಷದ ಔಷಧ ಹೊಡೆದಾಗಿತ್ತು, ಡ್ರಮ್ಮು ಖಾಲಿ ಬಿದ್ದಿತ್ತು. ತೋಟದ ಆಳು ಕೆಂಚಯ್ಯ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ, ತೆಂಗಿನ ನಾರಿನಲ್ಲಿ ಉಜ್ಜಿದ, ಬಿಸಿಲಿಗೆ ಕವುಚಿ ಮತ್ತೆ ತೊಳೆದ.

"ಇದ್ರಾಗೆ ಅನ್ನ ಕಲಸ್ಕಂಡು ಉಣ್ಬೋದು ಯಜಮಾನ್ರೇ" ಎಂದ.

ಮಹಾದೇವಯ್ಯ ಒಳಗೆ ಬಗ್ಗಿ ಮೂಸಿ ನೋಡಿ, ತೃಪ್ತನಾದ. ಧರ್ಮ ಕೊನೆಯ ಸಲ ತಂದುಕೊಟ್ಟ ನೀರೆಲ್ಲ ಡ್ರಮ್ಮಿಗೆ ಹೋಯಿತು. ಪೈಪು ಜೋಡಿಸಿ ಪಂಪು ಹಾಕಿದಾಗ ಮೇಲಿಂದ ಕೆಳಕ್ಕೆ ನೀರು ಬೀಳುವ ಸದ್ದು ಹಜಾರವನ್ನೆಲ್ಲ ತುಂಬಿತು. ತೊಟ್ಟಿಯ ನೀರು ತಿಳಿಯಾಗಿ ಹೊಳೆಯಿತು. "ಇವತ್ತು ಮೀನಿನ್ ಮೈಮೇಲಿನ ಪಟ್ಟಿನೂ ಕಂಡಂಗಾಯ್ತು ಕಣ್ರೀ, ಬಿಳೇ ಪಟ್ಟಿ!" ಎಂದಳು ಗಂಗಾಮಣಿ. ಆ ಮಾತು ಕೇಳಿ ಅವನು ಎದ್ದು ಹಿತ್ತಲಿಗೆ ಹೋಗಿ ಒಬ್ಬನೇ ಅತ್ತ. ಅಷ್ಟು ಸಂತೋಷ ಆ ಮನೆಗೆ ಮತ್ತೆ ಬರಲಿಲ್ಲ.

ಮೊದಲು ಹೂವಿನಂಥದ್ದು ಮುದುಡಿ, ಬಾಯಿ ಬಿಟ್ಟುಕೊಂಡು ಕರಗತೊಡಗಿತು. ಮೀನುಗಳು ತಳ ಹಿಡಿದು ಏದುಸಿರು ಬಿಟ್ಟವು. ಅಷ್ಟರಲ್ಲಿ ಮಳೆ ಹಿಡಿದು ಫೋನು ಸತ್ತಿತ್ತು, ಘಾಟಿ ಮುಚ್ಚಿತ್ತು. ಒಂದು ಮುಂಜಾನೆ ಮಹಾದೇವಯ್ಯ ಎದ್ದು ಬಂದಾಗ ಎರಡೂ ಮೀನು ಪೈಪಿನ ಬಾಯಿಗೆ ಅಂಟಿಕೊಂಡು ಸತ್ತಿದ್ದವು. ಅವನ್ನು ತೆಗೆದು ಹಿತ್ತಲಿನಲ್ಲಿಟ್ಟು ಬಂದ. ಡ್ರಮ್ಮಿನ ಮುಚ್ಚಳ ತೆಗೆದ. ನೀರು ನಿಂತ ಗೆರೆಯುದ್ದಕ್ಕೂ ತಿಳಿನೀಲಿ ಕರೆ ಬಿಟ್ಟುಕೊಂಡಿತ್ತು. ತುತ್ತದ ಡ್ರಮ್ಮನ್ನು ಹಳ್ಳದಲ್ಲಿ ತೊಳೆದರೆ ಮೀನು ತೇಲುತ್ತವೆಂದು ಪ್ರತಿ ವರ್ಷ ಆಳುಗಳನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದವನು ಇವನೇ. ಆ ಬುದ್ಧಿ ಮನೆಯೊಳಗೆ ಎಲ್ಲಿ ಹೋಗಿತ್ತೋ, ಶಿವನೇ ಬಲ್ಲ.

ಏನು ಹೇಳುವುದೆಂದು ಯೋಚಿಸುವಷ್ಟರಲ್ಲಿ ಗಂಗಾಮಣಿ ಗೋಡೆ ಸವರುತ್ತ ಬಂದು ಸ್ಟೂಲಿನ ಮೇಲೆ ಕೂತೇಬಿಟ್ಟಳು. ಬಹಳ ಹೊತ್ತು ಗಾಜು ನೋಡಿದಳು. ಎಣಿಸಲಿಲ್ಲ.

"ರೀ, ಲೈಟ್ ಹಾಕಿದೀರಾ?"

"ಹಾಕಿದೀನಿ" ಎಂದ, ಬಾಯಿ ತಪ್ಪಿ.

ಅವಳು ದೀಪದ ಮುಚ್ಚಳದ ಮೇಲೆ ಕೈಯಿಟ್ಟು ನೋಡಿದಳು. ಬೆಚ್ಚಗಿತ್ತು. "ಹಂಗಾದ್ರೆ ಮುಗೀತು ಬಿಡಿ. ನನ್ ಕಣ್ಣು ಹೋಗ್ಬುಡ್ತು" ಎಂದು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಸುಮ್ಮನಿದ್ದುಬಿಟ್ಟರೆ ತನ್ನ ತಪ್ಪು ಯಾರಿಗೂ ತಿಳಿಯದು ಎಂಬ ಯೋಚನೆ ಒಂದು ಗಳಿಗೆ ಅವನಿಗೆ ಬಂದದ್ದು ನಿಜ. ಅದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. "ನಿನ್ ಕಣ್ಣಿಗೇನಾಗಿಲ್ಲ ಕಣೇ! ಮೀನು ಸತ್ತೋದ್ವು. ತುತ್ತದ ಡ್ರಮ್ಮಿಟ್ಟು ನಾನೇ ಕೊಂದೆ" ಎಂದ.

ಗಂಗಾಮಣಿ ನಕ್ಕಳು. "ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ. ದೀಪ ಮಂಕು ಅಂದಾಗ ವೋಲ್ಟೇಜ್ ಕಮ್ಮಿ ಐತೆ ಅಂದ್ರಿ. ಮೊಮ್ಮಗೂನ ಮುಖ ಕಾಣಲ್ಲ ಅಂದಾಗ ಒಲೆ ಹೊಗೆ ಅಂದ್ರಿ. ಇದೂ ಹಂಗೇ ತಾನೇ?"

ವೋಲ್ಟೇಜು ಸರಿಯಾಗೇ ಇತ್ತು, ಹೊಗೆಯೂ ಇರಲಿಲ್ಲ. ಅವಳ ಧೈರ್ಯ ಕೆಡದಿರಲೆಂದು ವರ್ಷಗಟ್ಟಲೆ ಹೇಳಿದ ಮಾತುಗಳು ಈಗ ಒಟ್ಟಿಗೆ ಎದ್ದು ಬಂದು ಅವನ ನಿಜವನ್ನೂ ಸುಳ್ಳು ಮಾಡಿದವು. ಓಡಿಹೋಗಿ ಸತ್ತ ಮೀನು ತಂದು ಅವಳ ಅಂಗೈಯಲ್ಲಿಟ್ಟ. ಬಣ್ಣ ಇಳಿದು ಬೆಂದ ಗೆಣಸಿನಂತೆ ಬಿಳಿಚಿದ್ದವು. ಅವಳು ಅವನ್ನು ಎಂದೂ ಮುಟ್ಟಿದವಳಲ್ಲ. ಅವಳಿಗೆ ಮೀನೆಂದರೆ ಬಣ್ಣವೇ. ದೀಪದ ಹತ್ತಿರ ಹಿಡಿದು ನೋಡಿ, "ಯಾವ್ ಹಳ್ಳದ್ ಮೀನು ಹಿಡ್ಕಂಬಂದ್ರಿ ಪಾಪ" ಎಂದು ಮೆಲ್ಲಗೆ ವಾಪಸು ಕೊಟ್ಟಳು.

ಮಹಾದೇವಯ್ಯ ಮಳೆಯಲ್ಲೇ ಅಂಗಳಕ್ಕೆ ಹಾರಿ, ಕನಕಾಂಬರದ ಹೂವು ಕಿತ್ತು ತಂದು, ಹಿಡಿ ಹಿಡಿಯಾಗಿ ತೊಟ್ಟಿಗೆ ಸುರಿದ. ಪಂಪಿನ ಸೆಳೆತಕ್ಕೆ ಹೂವೆಲ್ಲ ಗಾಜಿನ ಹಿಂದೆ ಸುತ್ತತೊಡಗಿತು, ಕಿತ್ತಳೆಯೋ ಕಿತ್ತಳೆ.

"ಈಗ ನೋಡು ಗಂಗಾ. ಒಂದ್ಸಲ ನೋಡು, ನಿನ್ ಕಾಲಿಗ್ ಬೀಳ್ತೀನಿ!"

ಅವಳು ಆಗಲೇ ಕಣ್ಣು ಮುಚ್ಚಿಕೊಂಡಿದ್ದಳು. ಅವನ ಒದ್ದೆ ಕೈ ಹುಡುಕಿ ಹಿಡಿದು, "ಅಳಬೇಡಿ. ನೀವು ಮಾಡೋದೆಲ್ಲ ಮಾಡಿದ್ರಿ. ದಿನಾ ಬೆಳಿಗ್ಗೆ ಹೆದರ್ಕಂಡು ಎಣಿಸೋದು ನಂಗೂ ಸಾಕಾಗಿತ್ತು" ಎಂದಳು. ಆಮೇಲೆ ಎದ್ದು, ಕಣ್ಣು ತೆರೆಯದೆಯೇ, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.