ಭತ್ತ ಒಣಗುವ ತನಕ

"ನಿಮ್ಮವ್ವನ ಹೆಣ ಇವತ್ತೇ ಹುಗೀಬೇಕಂತ ಸರಕಾರದ ಆರ್ಡರ್ ಅದೇನಲೇ? ಭತ್ತ ಒಣಗಲಿ, ನಾಳಿ ನೋಡೂಣು. ಅಲ್ಲೀತನಕ ದಂಡ್ಯಾಗ ನಿಂದರ್ರಿ."

ಅಕ್ಕಿ ಮಿಲ್ಲಿನ ಚನ್ನವೀರ ಕಾರಿನಿಂದ ಇಳಿಯದೆಯೇ ಸಂಜೀವನಿಗೆ ಇಷ್ಟು ಹೇಳಿ ಗಾಜು ಏರಿಸಿದ. ಮೇ ತಿಂಗಳು. ಮಾನ್ವಿ ಕಡೆಯ ಬಿಸಿಲಿಗೆ ಬದುಕಿದ್ದವರೇ ಹಳಸುತ್ತಾರೆ. ಸಂಜೀವನ ತಾಯಿ ದುರುಗಮ್ಮ ಬೆಳಗಿನ ಜಾವ ಸತ್ತಿದ್ದಳು. ಸೊಸೆ ನಾಗವೇಣಿಗೆ ಇದ್ದ ಚಿಂತೆ ಒಂದೇ: ಅತ್ತೆ ನಾರುವ ಮೊದಲು ಮಣ್ಣು ಸೇರಬೇಕು.

ಮಣ್ಣು ಕೇರಿಯವರದೇ. ಸುಡುಗಾಡಿಗೆಂದು ಸರ್ಕಾರ ಕೊಟ್ಟ ಜಾಗ. ಹೋದ ಸುಗ್ಗಿಯಲ್ಲಿ ಚನ್ನವೀರ ಅದರ ಒಂದು ಮೂಲೆಯಲ್ಲಿ ಭತ್ತ ಒಣಹಾಕಿದ್ದ. ಈ ಸಲ ರೋಲರ್ ತರಿಸಿ, ಗೋರಿಗಳ ದಿಬ್ಬಗಳನ್ನೆಲ್ಲ ಒತ್ತಿ, ನುಣ್ಣನೆಯ ಕಣ ಮಾಡಿಬಿಟ್ಟ. ಅದರ ಮೇಲೆ ಭತ್ತ ಹರವಿದವರೂ ಕೇರಿಯ ಹೆಂಗಸರೇ. ತಮ್ಮ ಸತ್ತವರ ನೆತ್ತಿಯ ಮೇಲೆ ಬರಿಗಾಲಲ್ಲಿ ನಡೆದು, ಕಾಳು ತಿರುವಿ, ಸಂಜೆ ಕೂಲಿ ಈಸಿಕೊಂಡು ಹೋಗಿದ್ದರು.

ಸಂಜೀವ ಕಲ್ಲಿಗೆ ಕೈ ಹಾಕಿದ. ರಸ್ತೆಯ ಆಚೆ ಜೀಪಿನ ನೆರಳಲ್ಲಿ ಇಬ್ಬರು ಪೊಲೀಸರು ಸಾಹುಕಾರನ ಮಜ್ಜಿಗೆ ಕುಡಿಯುತ್ತ ಅದನ್ನೇ ಕಾಯುತ್ತಿದ್ದರು. ಒಂದು ಕಲ್ಲು ಬಿದ್ದರೆ ಸಾಕು, ಹೆಣ ಬಿಟ್ಟು ಉಳಿದವರೆಲ್ಲ ಠಾಣೆಗೆ. ನಾಗವೇಣಿ ಗಂಡನ ಕೈ ಹಿಡಿದಳು.

"ನಿಂದರ್ರಿ ಅಂದಾನಲ್ಲ, ನಿಂದ್ರೂಣು. ಎಲ್ಲಾರೂ ಸಾಲು ಹಿಡೀರಿ."

ಅವಳು ಕಲಿತ ದೇವದುರ್ಗದ ಶಾಲೆಯಲ್ಲಿ ಆಗಸ್ಟ್ ಹದಿನೈದಕ್ಕೆ ರೇಷ್ಮೆ ಲಂಗ ಇದ್ದ ಹುಡುಗಿಯರಿಗೆ ಕುಣಿತ, ಇಲ್ಲದವರಿಗೆ ಡ್ರಿಲ್. ಮುಕರ್ರಂ ಮಾಸ್ತರರು ನಾಗವೇಣಿಯಂಥವರನ್ನು ದಿನವೂ ಬಿಸಿಲಲ್ಲಿ ಸಾವಧಾನ್ ನಿಲ್ಲಿಸುತ್ತಿದ್ದರು. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಬಾರದು, ಯಾರು ಕರೆದರೂ ಕತ್ತು ಹೊರಳಿಸಬಾರದು. ಹಬ್ಬದ ದಿನ ಅತಿಥಿ ಸಾಹೇಬರು ತಡವಾಗಿ ಬಂದು, ಪೇಡೆ ತಿಂದು, ಡ್ರಿಲ್ ನೋಡದೆಯೇ ಹೋಗುತ್ತಿದ್ದರು. ಇಷ್ಟು ದರಿದ್ರ ವಿದ್ಯೆ ಇನ್ನೊಂದಿಲ್ಲವೆಂದು ಅವಳು ತನ್ನ ಮಕ್ಕಳಿಗೂ ಹೇಳಿದ್ದಳು.

ಈಗ ಅದನ್ನೇ ಕೇರಿಗೆ ಕಲಿಸಿದಳು. ಒಂದು ಕೈ ಅಂತರ. ಮೊಣಕಾಲು ಬಿಗಿ ಹಿಡಿದರೆ ಬವಳಿ ಬಂದು ಬೀಳುತ್ತೀರಿ, ಸಡಿಲ ಬಿಡಿ. ಕಾಲ್ಬೆರಳು ಒಳಗೊಳಗೇ ಆಡಿಸುತ್ತಿರಿ. ಕಣ್ಣು ಮಿಲ್ಲಿನ ಚಿಮಣಿಯ ಮೇಲಿರಲಿ. ಸಾಹುಕಾರ ಏನಂದರೂ ತುಟಿ ಬಿಚ್ಚಬೇಡಿ. ಹೆಣದ ಮುಖಕ್ಕೆ ಒದ್ದೆ ಬಟ್ಟೆ ಹೊದಿಸಿ, ಮುಂದಿಟ್ಟುಕೊಂಡು ನಿಂತರು. ಭತ್ತ ಹರವುವ ಗುಂಪಿನ ಹಿರಿಯಳು ಬಡೇಬೀ ಬೇರೆ ಓಣಿಯವಳು. ಅವಳೂ ಬಂದು ನಾಗವೇಣಿಯ ಹಿಂದೆ ಸೇರಿಕೊಂಡಳು.

ಪೊಲೀಸಪ್ಪ ಫೋನಿನಲ್ಲಿ ಮೇಲಿನವರಿಗೆ ವರದಿ ಕೊಟ್ಟ. "ಗಲಾಟಿ ಇಲ್ರಿ ಸಾಹೇಬ್ರ. ಘೋಷಣಿನೂ ಇಲ್ರಿ. ನಿಂತಾರ್ರಿ. ಹೌದ್ರಿ, ಸುಮ್ನ. ಎದಕ್ಕಂತ ಕೇಳಿದ್ರ ಮಾತಾಡವಲ್ರು."

ಹೊತ್ತು ಇಳಿಯುವಾಗ ಕವಿತಾಳದ ಕಡೆ ಮೋಡ ಕಪ್ಪಗೆ ಎದ್ದಿತು. ಕಾರಿನ ಗಾಜು ಇಳಿಯಿತು. ಆಮೇಲೆ ಬಾಗಿಲು ತೆರೆಯಿತು. ಆಮೇಲೆ ಚನ್ನವೀರನೇ ಇಳಿದ.

"ಏ, ಭತ್ತ ರಾಶಿ ಮಾಡ್ರಿ, ಲಗೂನ."

ಯಾರೂ ಅಲುಗಲಿಲ್ಲ. ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆದ. ಒಬ್ಬಳಿಗೆ ದುಪ್ಪಟ್ಟು ಕೂಲಿ ಅಂದ, ಇನ್ನೊಬ್ಬಳ ತಾಯಿಯನ್ನು ಬೈಗುಳದಲ್ಲಿ ಬೀದಿಗೆಳೆದ. ಬೋಳಿಮಕ್ಕಳಿಗೆ ಅನ್ನ ಹಾಕಿದ್ದೇ ತನ್ನ ತಪ್ಪು ಅಂದ. ನಾಗವೇಣಿಯ ಮುಖಕ್ಕೆ ಮುಖ ತಂದು, ಗುಟ್ಕಾದ ಉಗುಳು ಸಿಡಿಯುವಂತೆ ಬೈದ. ಕೆನ್ನೆಗೆ ಬಿದ್ದದ್ದನ್ನು ಅವಳು ಒರೆಸಿಕೊಳ್ಳಲಿಲ್ಲ. ಬಡೇಬೀ ನಗು ತಡೆಯಲಾರದೆ ಮೂಗಿನಲ್ಲಿ ಬುಸುಗುಟ್ಟಿದ್ದು ಹಿಂದಿನಿಂದ ಕೇಳಿಸಿತು.

ಮೊದಲ ಹನಿ ಅವನ ಬೋಳು ತಲೆಗೇ ಬಿತ್ತು. "ಯವ್ವಾ ನಾಗವೇಣಿ, ನಿನ್ನ ಕಾಲಿಗೆ ಬೀಳ್ತೀನಿ, ಕೈ ಹಚ್ಚವ್ವಾ" ಅಂದ. ಬೀಳಲಿಲ್ಲ, ಅಂದನಷ್ಟೇ.

ಮಳೆ ಸುರಿಯಿತು. ತಾಡಪತ್ರಿಯ ಒಂದು ಅಂಚು ಹಿಡಿದು ತಾನೇ ಓಡಿದ. ಇನ್ನೊಂದು ಅಂಚು ಹಿಡಿಯುವವರೆಲ್ಲ ಸಾಲಿನಲ್ಲಿ ನಿಂತಿದ್ದರು. ಗಾಳಿ ಅವನನ್ನೂ ತಾಡಪತ್ರಿಯನ್ನೂ ಕೂಡಿಸಿ ಎಳೆದಾಡಿತು. ಪೊಲೀಸರು ಜೀಪಿನೊಳಗೆ ಸೇರಿಕೊಂಡರು. ಭತ್ತ ನೀರಲ್ಲಿ ತೇಲತೊಡಗಿತು.

ಆಗ ನಾಗವೇಣಿ ಸಾಲು ಬಿಟ್ಟು, ಗುದ್ದಲಿ ಹಿಡಿದು ಭತ್ತದ ನಡುವೆ ನಡೆದಳು. ಅತ್ತೆ ಸೇರಬೇಕಾದದ್ದು ಮಾವನ ಪಕ್ಕ; ಅವನ ಗೋರಿ ಎಲ್ಲಿತ್ತೆಂದು ರೋಲರ್ ಹೊಡೆದ ಮೇಲೆ ಯಾರಿಗೂ ತಿಳಿಯದು. ಅಂದಾಜಿನ ಮೇಲೆ ನಿಂತಳು.

"ಭತ್ತ ತುಳೀತೀಯೇನಬೇ, ಸೂಳಿ."

"ಒಣಗೋತನಕ ಅಂದಿದ್ರಿ, ಸಾವ್ಕಾರ್ರ. ಇನ್ನ ಒಣಗಂಗಿಲ್ಲ," ಎಂದು ಗುದ್ದಲಿ ಎತ್ತಿ ಹಾಕಿದಳು.

ಉಳಿದವರೂ ಬಂದರು. ಕುಣಿ ತೋಡಿ, ದುರುಗಮ್ಮನನ್ನು ಇಳಿಸಿ ಮಣ್ಣೆಳೆದರೆ ಮಣ್ಣಿಗಿಂತ ಭತ್ತವೇ ಹೆಚ್ಚು ಸುರಿಯಿತು. ಸಂಜೀವ ರೂಢಿಯಂತೆ ಬಗ್ಗಿ ಕಾಳನ್ನು ಬೊಗಸೆಗೆ ಬಳಿಯತೊಡಗಿದ.

"ಬಿಡು," ಅಂದಳು ನಾಗವೇಣಿ. "ಈಗರ ಹೊಟ್ಟಿ ತುಂಬ ಹೋಗ್ಲಿ ಮುದುಕಿ."

ಸಂಜೀವ ಬೊಗಸೆಯಲ್ಲಿದ್ದುದನ್ನೂ ಒಳಗೆ ಸುರಿದ.