ಒಂದು ಖಾಲಿ ದಿನ

ಅಕ್ಟೋಬರ್ ಇಪ್ಪತ್ತೇಳರ ಮಧ್ಯಾಹ್ನ ಎರಡೂ ನಲವತ್ತಕ್ಕೆ ಕಣಿವೆಗೆ ನೀರು ಬಂತು. ದಕ್ಷಿಣ ಜೋರ್ಡಾನಿನ ಆ ಮರಳುಗಾಡಿನ ಮೇಲೆ ಆಗ ಮೋಡವಿರಲಿಲ್ಲ. ಮಳೆ ಸುರಿದದ್ದು ನಲವತ್ತು ಕಿಲೋಮೀಟರ್ ಆಚೆಯ ಬೆಟ್ಟಗಳಲ್ಲಿ.

ಅಲೆಮಾರಿ ಮುದುಕಿ ಹಮ್ದಾಳ ಗುಡಾರ ಕಣಿವೆಯ ತಳದಲ್ಲಿತ್ತು. ಬೇಸಿಗೆಗೆ ಅದು ಸರಿಯಾದ ಜಾಗ, ಬಂಡೆಯ ನೆರಳಿದೆ. ಅಕ್ಟೋಬರ್ ನಡುವಿಗೆ ಅಲ್ಲಿ ಮಳೆಗಾಲ ಶುರು. ಅಷ್ಟರೊಳಗೆ ಗುಡಾರ ದಿಬ್ಬಕ್ಕೇರಬೇಕು. ಎಪ್ಪತ್ತು ವರ್ಷಗಳಲ್ಲಿ ಆಕೆ ಒಮ್ಮೆಯೂ ತಪ್ಪಿಸಿರಲಿಲ್ಲ.

ಅಕಾಬಾ ಪಟ್ಟಣದಿಂದ ಆ ಗುಡಾರಕ್ಕೆ ಪ್ರವಾಸಿಗರನ್ನು ಕಳಿಸುವ ನಿಝಾರನ ಕರಪತ್ರದಲ್ಲಿ, 'ಭೇಟಿಗೆ ಅತ್ಯುತ್ತಮ ಕಾಲ: ಅಕ್ಟೋಬರ್‌ನಿಂದ ಏಪ್ರಿಲ್' ಎಂದಿತ್ತು. ಅದು ಸುಳ್ಳಲ್ಲ. ಬಿಸಿಲು ಮೂವತ್ತು ಡಿಗ್ರಿಗೆ ಇಳಿದಿರುತ್ತದೆ. ಆ ಸಾಲಿನ ಕೆಳಗೆ, ಕೆಂಪು ಬಂಡೆಯೆದುರು ರೊಟ್ಟಿ ಬೇಯಿಸುವ ಹಮ್ದಾಳ ಚಿತ್ರ.

ಹದಿನೈದರಂದು ಆಕೆಯ ಮಗ ಮುತ್ಲಕ್ ನಿಝಾರನಿಗೆ ಫೋನ್ ಮಾಡಿದ.

"ಒಂದೇ ಒಂದು ದಿನ ಖಾಲಿ ಬಿಡಿ ಸಾಹೇಬ್ರೇ. ಗುಡಾರ ಮೇಲಕ್ಕೆ ಹಾಕ್ಕೋತೀವಿ."

"ಜನ ಬರೋದೇ ಈಗ, ಮುತ್ಲಕ್! ಫೋನಲ್ಲೇ ನೋಡು, ಹತ್ತು ದಿನ ಒಂದ್ ಹನಿ ಇಲ್ಲ. ಅಷ್ಟು ಅವಸರ ಇದ್ರೆ ಅವ್ರು ಇದ್ದಾಗ್ಲೇ ಬಿಚ್ರಿ. ಅವ್ರೂ ಹಗ್ಗ ಹಿಡೀತಾರೆ, ಫೋಟೋ ಹೊಡ್ಕೋತಾರೆ."

ಮುತ್ಲಕ್ ತಾಯಿಗೆ ಹಾಗೇ ಹೇಳಿದ.

"ಅತಿಥಿ ಒಳಗೆ ಕೂತಿರೋವಾಗ ಗೂಟ ಕೀಳೋದಾ?" ಎಂದಳು ಹಮ್ದಾ. "ನಮ್ಮಪ್ಪ ಗೋರಿಯಿಂದ ಎದ್ದು ಬಂದು ಉಗೀತಾನೆ."

"ಅತಿಥಿಗಳಲ್ಲಮ್ಮ ಅವ್ರು. ದುಡ್ಡು ಕೊಟ್ಟು ಬರೋರು."

"ನನ್ನ ಕಾಫಿ ಕುಡಿದ್ರೋ ಇಲ್ವೋ? ಮುಗೀತು. ಖಾಲಿ ಆದ ದಿನ ಬಿಚ್ಚೋಣ."

ಖಾಲಿಯಾಗಲಿಲ್ಲ. ಒಂದು ತಂಡದ ಜೀಪು ಹೊರಡುವ ಮುಂಚೆಯೇ ಇನ್ನೊಂದು ಬಂದು ನಿಲ್ಲುತ್ತಿತ್ತು. ಹೀಗೆ ಹನ್ನೆರಡು ದಿನ.

ಇಪ್ಪತ್ತೇಳರಂದು ಮುತ್ಲಕ್ ನಾಲ್ವರನ್ನು ಬಂಡೆಯ ಮೇಲೆ ಕರೆದೊಯ್ದಿದ್ದ. ಕಾಲು ಉಳುಕಿದ್ದ ಐದನೆಯವಳು ಗುಡಾರದಲ್ಲೇ ಉಳಿದಿದ್ದಳು. ನೀರಿನ ಸದ್ದು ಮೊದಲು ಕೇಳಿಸಿದ್ದು ಹಮ್ದಾಳಿಗೆ. ಆಕೆ ಆ ಹೆಂಗಸನ್ನು ಎಳೆದುಕೊಂಡು ಹೋಗಿ ಬಂಡೆಗೆ ಹತ್ತಿಸಿದಳು. ತಾನು ಹತ್ತಲು ಸಮಯ ಉಳಿಯಲಿಲ್ಲ. ಮುತ್ಲಕ್ ಮೇಲಿನಿಂದ ನೋಡಿದ. ಶವ ಎರಡು ಕಿಲೋಮೀಟರ್ ಕೆಳಗೆ ಸಿಕ್ಕಿತು.

ಸಾಂತ್ವನ ಹೇಳಲು ಬಂದ ನಿಝಾರ್, "ದೇವರ ಇಚ್ಛೆ ಕಣಪ್ಪಾ. ಮೂರು ದಿನ ಯಾರನ್ನೂ ಕಳ್ಸಲ್ಲ" ಎಂದ. ಮುತ್ಲಕ್ ಅವನಿಗೂ ಕಾಫಿ ಕೊಟ್ಟ.

ಆ ಮೂರು ದಿನಗಳಲ್ಲಿ ಹೊಸ ಗುಡಾರ ದಿಬ್ಬದ ಮೇಲೆ ನಿಂತಿತು. ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಆರು ಜನ ಬಂದಿಳಿದರು.